ದೂರ ಆಮೇಲೆ ಹೇಳ್ತೀನಿ, ಮೊದಲು ಆ ಬಸ್ ಕ್ಯಾನ್ಸಲ್ ಮಾಡಿ

ನೀವು ಕೇಳಿದ್ದು ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ವಿಮಾನದಲ್ಲಿ ಎಷ್ಟು ದೂರ, ಎಷ್ಟು ತಾಸು ಅಂತ. ಆದರೆ ಪ್ರಶ್ನೆಯ ಬಾಲಕ್ಕೆ ಇನ್ನೊಂದು ಮಾತು ಸಿಕ್ಕಿಸಿದ್ದೀರಿ. ಅಪ್ಪ-ಅವ್ವನ ಟಿಕೆಟ್ 22ನೇ ತಾರೀಖು 03:15ಕ್ಕೆ, ದುಬೈ ಮೇಲೆ. 21ರ ರಾತ್ರಿ ಹತ್ತಕ್ಕೆ ಹುಬ್ಬಳ್ಳಿಯಿಂದ ಸ್ಲೀಪರ್ ಬಸ್ ಬುಕ್ ಆಗಿದೆ. 22ರ ಬೆಳಿಗ್ಗೆ ಬೆಂಗಳೂರು ಮುಟ್ಟಿ, ಹಗಲೆಲ್ಲ ಚಿಕ್ಕಮ್ಮನ ಮನೆಯಲ್ಲಿ ಮಲಗೆದ್ದು, ರಾತ್ರಿ ಆರಾಮಾಗಿ ಏರ್‌ಪೋರ್ಟಿಗೆ ಹೋಗ್ತಾರೆ ಅಂತ ಬರೆದಿದ್ದೀರಿ.

ಆ ಬಸ್ಸನ್ನು ಈಗಲೇ ಕ್ಯಾನ್ಸಲ್ ಮಾಡಿ. ಉಳಿದದ್ದನ್ನು ಆಮೇಲೆ ಓದಿ. ನಿಮ್ಮ ಅಪ್ಪ-ಅವ್ವ ಹಿರಿಯೂರು ದಾಟುವ ಹೊತ್ತಿಗೆ ಅವರ ವಿಮಾನ ಅವರನ್ನು ಬಿಟ್ಟು ಹೋಗಿರುತ್ತದೆ.

ಇದು ನನಗೆ ಹೇಗೆ ಗೊತ್ತು ಅಂದರೆ, 2018ರ ನವೆಂಬರಿನಲ್ಲಿ ಇದೇ ಲೆಕ್ಕ ಹಾಕಿ ನಾನೂ ನನ್ನ ಹೆಂಡತಿಯೂ ಬಸ್ ಹತ್ತಿದ್ದೆವು.

ನಾನು ಹೈಸ್ಕೂಲಿನಲ್ಲಿ 34 ವರ್ಷ ಗಣಿತ ಕಲಿಸಿದವನು. ಮನೆ ಹುಬ್ಬಳ್ಳಿಯ ವಿದ್ಯಾನಗರದಲ್ಲಿ. ಮಗಳು, ಅಳಿಯ ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಸನ್ನಿವೇಲ್‌ನಲ್ಲಿ ಇದ್ದಾರೆ. ಮಗಳಿಗೆ ಚೊಚ್ಚಲ ಹೆರಿಗೆ. ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಮಗಳು ಬರಲು ಆಗದಿದ್ದರೆ ತವರೇ ಗಂಟು ಕಟ್ಟಿಕೊಂಡು ಅಲ್ಲಿಗೆ ಹೋಗಬೇಕು. ನನ್ನಾಕೆ ದೀಪಾವಳಿ ಮುಗಿದಿದ್ದೇ ತಡ ಅಂಟಿನ ಉಂಡಿ ಕಟ್ಟಲು ಕೂತಳು. ನಾನು ಗ್ಲೋಬ್ ಹಿಡಿದು ಕೂತೆ.

ನಿಮ್ಮ ಹಾಗೆ ನನಗೂ ದೂರದ ಹುಚ್ಚು. ಶಾಲೆಯಿಂದ ನಿವೃತ್ತಿಯಾದಾಗ ಹುಡುಗರು ಕೊಟ್ಟಿದ್ದ ಗ್ಲೋಬ್ ಮನೆಯಲ್ಲಿತ್ತು. ಅದರ ಸುತ್ತಳತೆ ಅಳೆದೆ, 94 ಸೆಂಟಿಮೀಟರ್. ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರ್. ಅಂದರೆ ಒಂದು ಸೆಂಟಿಮೀಟರಿಗೆ 425 ಕಿಲೋಮೀಟರ್. ಹೆಂಡತಿಯ ಹೊಲಿಗೆ ಡಬ್ಬಿಯಿಂದ ಕೆಂಪು ನೂಲು ತಗೊಂಡು ಒಂದು ತುದಿ ಬೆಂಗಳೂರಿನ ಮೇಲೆ, ಇನ್ನೊಂದು ತುದಿ ಸ್ಯಾನ್ ಫ್ರಾನ್ಸಿಸ್ಕೋ ಮೇಲೆ ಇಟ್ಟು ಬಿಗಿಯಾಗಿ ಎಳೆದೆ. ಗೋಡೆಯ ನಕಾಶೆ ನೋಡಿದವರು ಅಮೆರಿಕಕ್ಕೆ ಅಡ್ಡಡ್ಡ ಹೋಗಬೇಕು ಅಂದುಕೊಳ್ಳುತ್ತಾರೆ. ನೂಲು ಹಾಗೆ ಹೋಗಲಿಲ್ಲ. ಚೀನಾ ದಾಟಿ, ಸೈಬೀರಿಯಾ ಏರಿ, ಉತ್ತರದ ಹಿಮದ ಸಮುದ್ರದ ಅಂಚು ಮುಟ್ಟಿ, ಅಲಾಸ್ಕಾ ಮೇಲಿಂದ ಕೆಳಗೆ ಜಾರಿತು. ದುಂಡಗಿನ ವಸ್ತುವಿನ ಮೇಲೆ ಹತ್ತಿರದ ದಾರಿ ಅಂದರೆ ಅದೇ. ನೂಲಿನ ಉದ್ದ 33 ಸೆಂಟಿಮೀಟರ್. 33 ಗುಣಿಸು 425, ಸುಮಾರು 14,000 ಕಿಲೋಮೀಟರ್.

ಲೆಕ್ಕ ಸರಿಯಾಗಿಯೇ ಇತ್ತು. 2021ರ ಜನವರಿಯಲ್ಲಿ ಏರ್ ಇಂಡಿಯಾ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಮೊದಲ ಸಲ ನೇರವಾಗಿ ಹಾರಿದಾಗ ಪೇಪರಿನಲ್ಲಿ ಬಂದ ದೂರವೂ ಸುಮಾರು 14 ಸಾವಿರ ಕಿಲೋಮೀಟರೇ. ಹಿಡಿದ ಹೊತ್ತು ಸುಮಾರು 17 ತಾಸು. ಪೈಲಟ್‌ಗಳೆಲ್ಲ ಹೆಣ್ಣುಮಕ್ಕಳು, ಹೋದದ್ದು ಉತ್ತರ ಧ್ರುವದ ಮೇಲೆ. ಆ ಸುದ್ದಿ ಓದಿ ನಾನು ನೂಲನ್ನು ಮತ್ತೆ ತೆಗೆದು ಹೆಂಡತಿಗೆ ತೋರಿಸಿದ್ದೆ. ಅವಳು ತಿರುಗಿಯೂ ನೋಡಲಿಲ್ಲ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

2018ರಲ್ಲಿ ಆ ನೇರ ವಿಮಾನ ಇರಲಿಲ್ಲ. ಅಳಿಯ ಫ್ರಾಂಕ್‌ಫರ್ಟ್ ಮೇಲೆ ಟಿಕೆಟ್ ಮಾಡಿ ಕಳಿಸಿದ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್ ಸುಮಾರು 7,400 ಕಿಲೋಮೀಟರ್, ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋ 9,150. ನೂಲಿಗಿಂತ ಎರಡೂವರೆ ಸಾವಿರ ಜಾಸ್ತಿ. ವಿದ್ಯಾನಗರದ ಝೆರಾಕ್ಸ್ ಅಂಗಡಿಯಲ್ಲಿ ಟಿಕೆಟ್ ಪ್ರಿಂಟ್ ಮಾಡಿಸಿದೆ. ಅದರಲ್ಲಿ ಹೀಗಿತ್ತು: 15 ನವೆಂಬರ್, ಗುರುವಾರ, ಬೆಂಗಳೂರು ಬಿಡುವುದು 02:05. ಫ್ರಾಂಕ್‌ಫರ್ಟ್ 07:10. ಅಲ್ಲಿಂದ 10:00ಕ್ಕೆ ಬಿಟ್ಟು ಸ್ಯಾನ್ ಫ್ರಾನ್ಸಿಸ್ಕೋ ಮುಟ್ಟುವುದು ಅದೇ 15ರಂದು 12:40ಕ್ಕೆ.

ಪಕ್ಕದ ಮನೆಯವರು ನೋಡಿ, "ಅಬ್ಬಾ, ಹತ್ತೂವರೆ ತಾಸಿನ್ಯಾಗ ಅಮೆರಿಕಾ!" ಅಂದರು. ನನಗೆ ಪಾಠ ಮಾಡೋಕೆ ಅಷ್ಟು ಸಾಕು. ಕೂರಿಸಿಕೊಂಡು ಹೇಳಿದೆ. ಟಿಕೆಟ್ ಮೇಲಿರುವುದು ಆಯಾ ಊರಿನ ಗಡಿಯಾರ. ನವೆಂಬರಿನಲ್ಲಿ ಫ್ರಾಂಕ್‌ಫರ್ಟ್ ನಮಗಿಂತ ನಾಲ್ಕೂವರೆ ತಾಸು ಹಿಂದೆ, ಸ್ಯಾನ್ ಫ್ರಾನ್ಸಿಸ್ಕೋ ಹದಿಮೂರೂವರೆ ತಾಸು ಹಿಂದೆ. ಬೇಸಿಗೆಯಲ್ಲಿ ಅವರು ಗಡಿಯಾರ ಮುಂದಿಡುತ್ತಾರೆ, ಆಗ ಹನ್ನೆರಡೂವರೆ. ಕಾಗದದ ಮೇಲಿನ ಹತ್ತು ತಾಸು ಮೂವತ್ತೈದು ನಿಮಿಷಕ್ಕೆ ಹದಿಮೂರೂವರೆ ತಾಸು ಸೇರಿಸಿದರೆ 24 ತಾಸು ಐದು ನಿಮಿಷ, ಅದೇ ನಿಜವಾದ ಪ್ರಯಾಣ. ಹಾರುವುದು ಅದರಲ್ಲಿ 21 ತಾಸು ಚಿಲ್ಲರೆ, ಉಳಿದದ್ದು ಫ್ರಾಂಕ್‌ಫರ್ಟಿನಲ್ಲಿ ಕೂರೋದು.

ನಿಮಿಷಕ್ಕೆ ನಿಮಿಷ ಸರಿ. 02:05ನ್ನು ಮೂರು ಊರಿನ ಗಡಿಯಾರಕ್ಕೆ ತಿರುಗಿಸಿ ನೋಡಿದೆ. ಆದರೆ ಆ 02:05 ಯಾವ ರಾತ್ರಿಯದು ಅಂತ ಒಮ್ಮೆಯೂ ನೋಡಲಿಲ್ಲ.

ಗೋಡೆಯ ಕ್ಯಾಲೆಂಡರಿನಲ್ಲಿ 15ರ ಚೌಕಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದೆ. ಒಳಗೆ "ವಿಮಾನ, ರಾತ್ರಿ 2" ಅಂತ ಬರೆದೆ. 14ರ ಚೌಕದಲ್ಲಿ "ಬಸ್, ರಾತ್ರಿ 10". ಮಂಗಳವಾರ ಹೊರಡೋದು ಬೇಡ ಅಂತ ಹೆಂಡತಿ ಮೊದಲೇ ಹೇಳಿದ್ದಳು. 14 ಬುಧವಾರ, ಅದೂ ಸರಿಹೋಯ್ತು. ಗುರುವಾರ ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿದು, ವಿಜಯನಗರದಲ್ಲಿ ಅವಳ ತಮ್ಮನ ಮನೆಯಲ್ಲಿ ಸ್ನಾನ, ಊಟ, ನಿದ್ದೆ. ರಾತ್ರಿ ಹತ್ತಕ್ಕೆ ಏರ್‌ಪೋರ್ಟ್. ಎಷ್ಟು ಅಚ್ಚುಕಟ್ಟು ನೋಡಿ. ನಿಮ್ಮದೂ ಹಾಗೇ ಇದೆ, ಅಲ್ವಾ?

ತಪ್ಪು ಎಲ್ಲಿದೆ ಅಂತ ಇನ್ನೂ ಕಾಣದಿದ್ದರೆ ಬಿಡಿಸಿ ಹೇಳ್ತೀನಿ. ನನಗೆ ಯಾರೂ ಬಿಡಿಸಿ ಹೇಳಲಿಲ್ಲ. ಟಿಕೆಟ್ಟಿನ ತಾರೀಖು ಬದಲಾಗೋದು ನಡುರಾತ್ರಿ 00:00ಕ್ಕೆ. 14ರ ರಾತ್ರಿ ಊಟ ಮಾಡಿ, ಹನ್ನೊಂದೂ ಐವತ್ತೊಂಬತ್ತು ಆಗಿ, ಇನ್ನೊಂದು ನಿಮಿಷ ಕಳೆದರೆ ಅದು 15. ಅಲ್ಲಿಂದ ಎರಡು ತಾಸು ಐದು ನಿಮಿಷಕ್ಕೆ ವಿಮಾನ. ಅಂದರೆ 15ರ 02:05 ಅಂದರೆ 14ರ ರಾತ್ರಿ. ಬುಧವಾರ ರಾತ್ರಿ ಊಟಕ್ಕೆ ಬೆಂಗಳೂರಿನಲ್ಲಿ ಇರಬೇಕಿತ್ತು. ಗುರುವಾರ ರಾತ್ರಿ ಎರಡು ಗಂಟೆ ಅಂತ ನಾನು ಅಂದುಕೊಂಡದ್ದು ಟಿಕೆಟ್ಟಿನ ಭಾಷೆಯಲ್ಲಿ 16, ಶುಕ್ರವಾರ.

ಇದು ಬರೀ ಮರೆವು ಅಲ್ಲ. ನಮ್ಮ ಬಾಯಿ ಮಾತಿನಲ್ಲಿ ದಿನ ಶುರುವಾಗೋದು ಬೆಳಗಿಗೆ. ಪಂಚಾಂಗದಲ್ಲೂ ವಾರ ಬದಲಾಗೋದು ಸೂರ್ಯೋದಯಕ್ಕೆ. ಮಗು ಬುಧವಾರ ರಾತ್ರಿ ಮೂರಕ್ಕೆ ಹುಟ್ಟಿದರೆ ಮನೆಯ ಹಿರಿಯರು ಬುಧವಾರ ಹುಟ್ಟಿತು ಅನ್ನುತ್ತಾರೆ, ಆಸ್ಪತ್ರೆ ಗುರುವಾರದ ತಾರೀಖು ಬರೆಯುತ್ತದೆ. "ನಿನ್ನೆ ರಾತ್ರಿ ಎರಡಕ್ಕೆ ಕರೆಂಟ್ ಹೋಯ್ತು" ಅಂತೀವಿ. ಗಡಿಯಾರದ ಪ್ರಕಾರ ಅದು ಇವತ್ತೇ. ಹಳೇ ಬಸ್ ಸ್ಟ್ಯಾಂಡ್ ಹತ್ತಿರದ ಬಸ್ ಆಫೀಸಿನ ಹುಡುಗರಿಗೆ ಇದು ಚೆನ್ನಾಗಿ ಗೊತ್ತು. ಬೆಳಗಾವಿಯಿಂದ ಬಂದು ಹುಬ್ಬಳ್ಳಿ ಬಿಡೋದು ರಾತ್ರಿ ಹನ್ನೆರಡೂವರೆಗೆ ಆದರೆ, ಟಿಕೆಟ್ ಮೇಲೆ ಪೆನ್ನಿನಲ್ಲಿ "ಮಂಗಳವಾರ ರಾತ್ರಿ ಬರ್ರಿ" ಅಂತ ಬರೆದು ಅಡಿಗೆರೆ ಎಳೆದು ಕೊಡುತ್ತಾರೆ. ವಿಮಾನದ ಟಿಕೆಟ್ ಮೇಲೆ ಹಾಗೆ ಬರೆದು ಕೊಡೋರು ಯಾರು?

ಎರಡು ಸಲ ಎಚ್ಚರಿಕೆಯೂ ಬಂದಿತ್ತು. ಬುಧವಾರ ಬೆಳಿಗ್ಗೆ ಎದ್ದು ನೋಡಿದರೆ ಫೋನಿನಲ್ಲಿ "ಚೆಕ್-ಇನ್ ಶುರುವಾಗಿದೆ" ಅನ್ನೋ ಮೇಲ್. ವಿಮಾನಕ್ಕೆ ಒಂದು ದಿನ ಮುಂಚೆ ಬರುವ ಮೇಲ್ ಅದು. ನಾನೇನು ಮಾಡಿದೆ? "ಎಷ್ಟು ಮುಂಚೆ ಕಳಿಸ್ತಾರೆ ನೋಡು, ಜರ್ಮನಿ ಶಿಸ್ತು" ಅಂತ ಹೆಂಡತಿಗೆ ತೋರಿಸಿದೆ. ಎರಡನೆಯದು ರಾತ್ರಿ ಒಂದು ಗಂಟೆ ಸುಮಾರಿಗೆ ಬಂದ ಎರಡು ಮಿಸ್ಡ್ ಕಾಲ್, ಬೆಂಗಳೂರಿನ ಲ್ಯಾಂಡ್‌ಲೈನ್ ನಂಬರಿನಿಂದ. ಫೋನ್ ಸೈಲೆಂಟ್‌ನಲ್ಲಿಟ್ಟು ಮಲಗಿದ್ದೆ. ನಡುವೆ ಚಿತ್ರದುರ್ಗದ ಹತ್ತಿರ ಬಸ್ ಚಹಾಕ್ಕೆ ನಿಂತಿತು. ಇಳಿದು, ಶಾಲು ಹೊದ್ದು, ಚಹಾ ಕುಡಿದೆ. ಸಕ್ಕರೆ ಜಾಸ್ತಿ ಇತ್ತು. ಎರಡು ಗಂಟೆ ಹೊತ್ತು. ಅದೇ ಹೊತ್ತಿಗೆ ದೇವನಹಳ್ಳಿಯಲ್ಲಿ ನಮ್ಮಿಬ್ಬರ ಸೀಟು ಖಾಲಿ ಇಟ್ಟುಕೊಂಡು ವಿಮಾನ ಎದ್ದಿತು.

ಬೆಳಿಗ್ಗೆ ಆರಕ್ಕೆ ಆನಂದರಾವ್ ಸರ್ಕಲ್‌ನಲ್ಲಿ ಇಳಿದೆವು. ನಾಲ್ಕು ದೊಡ್ಡ ಬ್ಯಾಗು, ಒಂದರಲ್ಲಿ ಅಂಟಿನ ಉಂಡಿ, ಶೇಂಗಾ ಚಟ್ನಿಪುಡಿ, ಒಂದು ಡಬ್ಬಿ ಧಾರವಾಡ ಪೇಡೆ. ಆಟೋದವನು ವಿಜಯನಗರಕ್ಕೆ ಡಬಲ್ ಕೇಳುತ್ತಿದ್ದ. ಫೋನ್ ತೆಗೆದರೆ ಮಗಳ ವಾಟ್ಸಾಪ್. ಒಂದು ನಕಾಶೆ, ಅದರ ಮೇಲೆ ಹಳದಿ ಬಣ್ಣದ ಪುಟ್ಟ ವಿಮಾನ. ಕೆಳಗೆ ಬರೆದಿದ್ದಳು: "ಅಪ್ಪಾ, ಈಗ ನೀವು ಇರಾನ್ ಮ್ಯಾಲೆ ಇದ್ದೀರಿ. ಅವ್ವ ಮಲಗ್ಯಾಳೇನು?"

ನಾನು ನಕ್ಕೆ. ನಿಜವಾಗಿ ನಕ್ಕೆ. ಪಾಪ, ದಿನ ತುಂಬಿದ ಹುಡುಗಿ, ತಾರೀಖು ಗೊಂದಲ ಮಾಡಿಕೊಂಡಿದ್ದಾಳೆ ಅಂದುಕೊಂಡೆ. "ಪುಟ್ಟಾ, ನಮ್ಮ ವಿಮಾನ ಇವತ್ತು ರಾತ್ರಿ. ಅದು ಬ್ಯಾರೆಯವರದು" ಅಂತ ಬರೆದೆ. ಮರುಕ್ಷಣ ಫೋನ್ ಬಂತು.

"ಅಪ್ಪಾ, ಎಲ್ಲಿದ್ದೀರಿ?"

"ಆನಂದರಾವ್ ಸರ್ಕಲ್‌ನ್ಯಾಗ."

ಆ ಕಡೆ ಮಾತೇ ಇಲ್ಲ. ಆಮೇಲೆ ಮೆಲ್ಲಗೆ, "ಅಪ್ಪಾ, ಹದಿನೈದರ ರಾತ್ರಿ ಎರಡು ಅಂದ್ರ ಆಗಿಹೋದ ರಾತ್ರಿರೀ" ಅಂದಳು.

ಆಗಲೂ ನಾನು ಒಪ್ಪಲಿಲ್ಲ. ಟ್ಯಾಕ್ಸಿ ಮಾಡಿ ಸೀದಾ ಏರ್‌ಪೋರ್ಟಿಗೆ ಹೋದೆ. ಗೇಟಿನಲ್ಲಿ ನಿಂತಿದ್ದ ಜವಾನ ಟಿಕೆಟ್ ನೋಡಿ, ಇದು ಆಗಿಹೋಗಿದೆ ಅಂದ. "ತಾರೀಖು ನೋಡಪ್ಪಾ, 15. ಇವತ್ತು ಎಷ್ಟು? 15" ಅಂದೆ. ಅವನು ಬೇಜಾರು ಮಾಡಿಕೊಳ್ಳದೆ ಟಿಕೆಟ್ ನನ್ನ ಕಡೆ ತಿರುಗಿಸಿ, 02:05ರ ಮೇಲೆ ಬೆರಳಿಟ್ಟ. ಆಮೇಲೆ ತನ್ನ ಕೈಗಡಿಯಾರ ತೋರಿಸಿದ. ಏಳೂ ಇಪ್ಪತ್ತು. ಬೋರ್ಡಿನ ಮುಂದೆ ನಿಂತ ದಡ್ಡ ಹುಡುಗರಿಗೆ ನಾನು ಹೇಗೆ ತೋರಿಸುತ್ತಿದ್ದೆನೋ, ಹಾಗೇ.

ಆ ಕಂಪನಿಯ ಕೌಂಟರ್ ತೆರೆಯೋದು ರಾತ್ರಿ. ಬೆಳಿಗ್ಗೆ ಮಾತಾಡೋಕೆ ಯಾರೂ ಇಲ್ಲ. ಮಗಳು ಅಲ್ಲಿಂದ ಅವರ ಹೆಲ್ಪ್‌ಲೈನಿಗೆ ಫೋನ್ ಮಾಡಿದಳು. "ನೋ ಶೋ" ಅಂದರಂತೆ. ನನ್ನ ಹೆಂಡತಿ ಸುಮ್ನೆ ಕೂತಿದ್ದವಳು ಅಲ್ಲಿವರೆಗೆ ಬಾಯಿ ಬಿಟ್ಟಿರಲಿಲ್ಲ. ಅದನ್ನು ಕೇಳಿ, "ಶೋ ಇಲ್ಲಂದ್ರ ರೊಕ್ಕ ವಾಪಸ್ ಕೊಡಬೇಕಲ್ರೀ?" ಅಂದಳು. ನಾಟಕ ಕಂಪನಿಗಳ ಊರಿನವಳು, ಅವಳ ತರ್ಕ ಅವಳದು. ಇಲ್ಲಿ ಬರದೆ ಹೋದದ್ದು ನಾಟಕ ಅಲ್ಲ, ನಾವು. ರೊಕ್ಕ ವಾಪಸ್ ಬರಲಿಲ್ಲ, ತೆರಿಗೆಯ ಒಂದಿಷ್ಟು ಬಿಟ್ಟರೆ.

ಇನ್ನೊಂದು ಪೆಟ್ಟು ನನಗೆ ಗೊತ್ತೇ ಇರಲಿಲ್ಲ. ಹೋಗುವ ವಿಮಾನ ಹತ್ತದಿದ್ದರೆ ಅದೇ ಟಿಕೆಟ್ಟಿನಲ್ಲಿದ್ದ ಮುಂದಿನ ವಿಮಾನಗಳೆಲ್ಲ ತಾನಾಗಿ ಕ್ಯಾನ್ಸಲ್ ಆಗುತ್ತವೆ. ಏಪ್ರಿಲಿನಲ್ಲಿ ವಾಪಸ್ ಬರುವ ಸೀಟೂ ಹೋಯ್ತು. ವಿಮಾನ ಎದ್ದುಹೋಗುವ ಮುಂಚೆ ಫೋನ್ ಮಾಡಿದ್ದರೆ ಒಂದಿಷ್ಟು ದಂಡ ಕಟ್ಟಿ ತಾರೀಖು ಬದಲಿಸಬಹುದಿತ್ತಂತೆ. ಎದ್ದ ಮೇಲೆ ಅದು ಬರೀ ಕಾಗದ. ಹೊಸ ಟಿಕೆಟ್ಟಿಗೆ ಇಬ್ಬರಿಗೂ ಸೇರಿ, ಹೋಗೋಕಷ್ಟೇ, ಒಂದು ಲಕ್ಷ ಮೂವತ್ತೆಂಟು ಸಾವಿರ. ಅಳಿಯ ಕೊಡ್ತೀನಿ ಅಂದ. ಯಾವ ಮುಖ ಇಟ್ಟುಕೊಂಡು ಹೂಂ ಅನ್ನೋದು? ಬ್ಯಾಂಕಿನ ಎಫ್‌ಡಿ ಮುರಿಸಿದೆ. ಸೀಟು ಸಿಕ್ಕಿದ್ದು 19ಕ್ಕೆ.

ಮೊಮ್ಮಗ 17ಕ್ಕೆ ಹುಟ್ಟಿದ. ಡಾಕ್ಟರ್ ಕೊಟ್ಟಿದ್ದ ದಿನಕ್ಕಿಂತ ಎಂಟು ದಿನ ಮೊದಲು. ಆ ಹೊತ್ತಿಗೆ ನನ್ನ ಹೆಂಡತಿ ವಿಜಯನಗರದಲ್ಲಿ ತಮ್ಮನ ಮನೆಯ ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಫೋನಿನಲ್ಲಿ ಕೂಸಿನ ಅಳು ಕೇಳಿಸಿತು. ಅವಳು ಬೆಳ್ಳುಳ್ಳಿ ಸುಲಿಯೋದು ನಿಲ್ಲಿಸಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. "ಮೂವತ್ತನಾಕು ವರ್ಷ ಮಂದಿ ಮಕ್ಕಳಿಗೆ ಲೆಕ್ಕ ಕಲಿಸಿದ್ರಿ" ಅಂದಳು, ಅಷ್ಟೇ. ನೂಲನ್ನು ಅವಳು ತಿರುಗಿ ನೋಡದ ಕಾರಣ ಇದು.

ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. ನೇರ ದೂರ 14,000 ಕಿಲೋಮೀಟರ್, ಹೇಳಿದೆನಲ್ಲ. ನಿಮ್ಮದು ದುಬೈ ಮೇಲೆ. ಬೆಂಗಳೂರಿನಿಂದ ದುಬೈ ಸುಮಾರು 2,700, ನಾಲ್ಕು ತಾಸು. ದುಬೈಯಿಂದ ಸ್ಯಾನ್ ಫ್ರಾನ್ಸಿಸ್ಕೋ ಸುಮಾರು 13,000, ಹದಿನಾರು ತಾಸು. ನಡುವೆ ಎಷ್ಟು ಕಾಯಬೇಕು ಅನ್ನೋದು ಟಿಕೆಟ್ ಮೇಲೆ ಇರುತ್ತದೆ. ಕಿಲೋಮೀಟರನ್ನು 900ರಿಂದ ಭಾಗಿಸಿ ತಾಸು ತೆಗೆಯಬೇಡಿ. ಏರುವಾಗ, ಇಳಿಯುವಾಗ ಆ ವೇಗ ಇರಲ್ಲ, ಮೇಲಿನ ಗಾಳಿಯೂ ಲೆಕ್ಕ ಕೆಡಿಸುತ್ತದೆ. ಹತ್ತು ಕಿಲೋಮೀಟರ್ ಎತ್ತರದಲ್ಲಿ ಪಡುವಣದಿಂದ ಮೂಡಣಕ್ಕೆ ಜೋರು ಗಾಳಿ ಬೀಸುತ್ತದೆ. ಅದಕ್ಕೇ ನಾವು ವಾಪಸ್ ಬರುವಾಗ ಸ್ಯಾನ್ ಫ್ರಾನ್ಸಿಸ್ಕೋದಿಂದ ಫ್ರಾಂಕ್‌ಫರ್ಟಿಗೆ, ಹೋಗುವಾಗಿನಷ್ಟು ಹೊತ್ತು ಹಿಡಿಯಲಿಲ್ಲ.

ಆದರೆ ನಾನು ಕೇಳ್ತೀನಿ, ಈ ಕಿಲೋಮೀಟರ್ ತಗೊಂಡು ನೀವೇನು ಮಾಡ್ತೀರಿ? ವಿಮಾನ ಓಡಿಸೋದು ನಿಮ್ಮಪ್ಪ ಅಲ್ಲವಲ್ಲ. 14 ಸಾವಿರ ಇರಲಿ, 16 ಸಾವಿರ ಇರಲಿ, ಅದು ಕಂಪನಿಯ ತಲೆನೋವು. ನಿಮ್ಮ ತಲೆನೋವು ಹುಬ್ಬಳ್ಳಿಯಿಂದ ದೇವನಹಳ್ಳಿವರೆಗಿನ 400 ಕಿಲೋಮೀಟರ್ ಚಿಲ್ಲರೆ. ನಾನು ಸೋತದ್ದು ಆ 400ರಲ್ಲಿ, 16 ಸಾವಿರದಲ್ಲಿ ಅಲ್ಲ. ಯಾವ ಮಾರ್ಗ ಒಳ್ಳೇದು, ದುಬೈಯೋ ಯುರೋಪೋ ಅಂತಲೂ ಕೇಳಿದ್ದೀರಿ. ಟಿಕೆಟ್ ಆಗಿಹೋಗಿದೆ, ಇನ್ನು ಅದನ್ನು ಯಾಕೆ ಕೆದಕೋದು? ಹೋಗಲಿ ಬಿಡಿ.

21ರ ಬೆಳಿಗ್ಗೆ ಹಗಲು ರೈಲಿಗೆ ಕೂರಿಸಿ. ಅಥವಾ 20ರ ರಾತ್ರಿ ಅದೇ ಸ್ಲೀಪರ್ ಬಸ್. 21ರಂದು ಚಿಕ್ಕಮ್ಮನ ಮನೆಯಲ್ಲಿ ಊಟ, ನಿದ್ದೆ, ಸಂಜೆ ಏಳೂವರೆಗೆ ಊಟ ಮುಗಿಸಿ ಎಂಟಕ್ಕೆಲ್ಲ ಟ್ಯಾಕ್ಸಿ. ಊರೊಳಗಿನ ಟ್ರಾಫಿಕ್ ನಂಬಬೇಡಿ. ಹುಬ್ಬಳ್ಳಿಯಿಂದ ಕಾರಿನಲ್ಲೇ ಹೋಗೋದಾದರೆ ತುಮಕೂರು ದಾಟಿ ಡಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ, ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ ಮುಟ್ಟಬಹುದು, ಬೆಂಗಳೂರು ಹೊಗುವ ಕೆಲಸವೇ ಇಲ್ಲ. ಗೋಕುಲ ರಸ್ತೆಯ ನಮ್ಮ ಏರ್‌ಪೋರ್ಟಿನಿಂದ ಒಂದು ತಾಸಿನ ವಿಮಾನ ಇದೆ, ಅದು ಬೇಡವೇ ಅಂತ ಕೇಳಬಹುದು. ಅದು ಬೇರೆ ಟಿಕೆಟ್ ಆದರೆ ನಾನು ಅದೇ ದಿನದ್ದು ಹತ್ತಲ್ಲ. ಮಳೆಗೋ ಮಂಜಿಗೋ ಅದು ತಡವಾದರೆ ದೊಡ್ಡ ವಿಮಾನದವರು ಕಾಯಲ್ಲ, ರೊಕ್ಕವೂ ಕೊಡಲ್ಲ. ಬ್ಯಾಗನ್ನೂ ಇಳಿಸಿಕೊಂಡು ಮತ್ತೆ ಕೊಡಬೇಕು.

ಕ್ಯಾಲೆಂಡರಿನಲ್ಲಿ 22ರ ಚೌಕ ಮುಟ್ಟಲೇಬೇಡಿ. 21ರ ಚೌಕದಲ್ಲಿ ಬರೆಯಿರಿ: "ಇವತ್ತು ರಾತ್ರಿ ಊಟ ಆದ ಮೇಲೆ ವಿಮಾನ". ಬೆಳಗಾಗುವ ಮುಂಚೆ ಬಿಡುವ ಯಾವ ವಿಮಾನಕ್ಕೂ ನಾನು ಈಗ ಹಾಗೇ ಬರೆಯೋದು, ಹಿಂದಿನ ದಿನದ ವಾರದ ಹೆಸರು ಹಾಕಿ. ಅಪ್ಪನಿಗೆ ಫೋನಿನಲ್ಲಿ ಹೇಳುವಾಗಲೂ ಟಿಕೆಟ್ಟಿನ ತಾರೀಖು ಹೇಳಬೇಡಿ. "21ರ ರಾತ್ರಿ ಮಲಗೋ ಹಾಗಿಲ್ಲ" ಅಂತ ಹೇಳಿ, ಅದು ತಲೆಯಲ್ಲಿ ಕೂರುತ್ತದೆ. ಹೆಂಡತಿಯನ್ನು ಕೇಳದೆ ನಾನು ಈಗ ಬಸ್ಸೂ ಬುಕ್ ಮಾಡಲ್ಲ. ಹೋದ ವರ್ಷ ಮೊಮ್ಮಗನ ಹುಟ್ಟುಹಬ್ಬಕ್ಕೆ ಹೋಗುವಾಗ ಟಿಕೆಟ್ ಅವಳ ಕೈಗೆ ಕೊಟ್ಟೆ. ಅವಳು ಕನ್ನಡಕ ಹಾಕಿಕೊಂಡು ನೋಡಿ, ಕೇಳಿದ್ದು ಒಂದೇ: "ಆ ದಿನ ರಾತ್ರಿ ರೊಟ್ಟಿ ಎಲ್ಲಿ ತಿಂತೀವಿ?"

ನಿಮ್ಮ ಪ್ರಶ್ನೆಯನ್ನು ಅವಳಿಗೆ ಓದಿ ಹೇಳಿದೆ. ಬಸ್ ಕ್ಯಾನ್ಸಲ್ ಆಯ್ತಾ ಅಂತ ಕೆಳಗೆ ಒಂದು ಸಾಲು ಬರೆದುಬಿಡಿ. ಬೆಳಿಗ್ಗೆಯಿಂದ ಎರಡು ಸಲ ಕೇಳಿದ್ದಾಳೆ.